ಲೆಕ್ಕದ ಕಟ್ಟೆ: ವಿಸ್ತೀರ್ಣ ಗೊತ್ತು, ಬಾಹು ಎಷ್ಟು?

ಹಿಂದಿನ ಸಂಚಿಕೆಯಲ್ಲಿ ನಿಯಮಿತ ಬಹುಭುಜಗಳ (ಎಲ್ಲ ಬಾಹುಗಳೂ ಎಲ್ಲ ಕೋನಗಳೂ ಸಮ ಇರುವ ಆಕೃತಿಗಳ) ವಿಸ್ತೀರ್ಣ ಹೇಗೆ ತೆಗೆಯುವುದು ಎಂದು ಬರೆದಿದ್ದೆ. ಬಾಹು ಕೊಟ್ಟಿದ್ದರೆ ವಿಸ್ತೀರ್ಣ ಎಷ್ಟು ಎಂಬುದು ಅಲ್ಲಿನ ಮಾತು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲೆಕ್ಕವನ್ನು ತಿರುಗಿಸಿ ಕೇಳಿವೆ: ವಿಸ್ತೀರ್ಣ ಮೊದಲೇ ನಿಗದಿಯಾಗಿದೆ, ಬಾಹು ಎಷ್ಟು ಇಡಬೇಕು? ನನಗೆ ಇದು ತುಂಬ ಖುಷಿ ಕೊಟ್ಟಿತು. ಪಾಠದಲ್ಲಿ ಬಾಹು ಮೊದಲು, ವಿಸ್ತೀರ್ಣ ಆಮೇಲೆ. ಕೆಲಸದಲ್ಲಿ ಹಾಗಲ್ಲ. ಇಷ್ಟು ಜಾಗ ಇದೆ, ಇಷ್ಟು ಬಟ್ಟೆ ಇದೆ, ಇಷ್ಟು ಕಲ್ಲು ತರಿಸಿದ್ದೇವೆ ಎಂಬುದು ಮೊದಲು ತೀರ್ಮಾನವಾಗುತ್ತದೆ, ಆಕಾರ ಅದರೊಳಗೆ ಕೂರಬೇಕು. ದಾವಣಗೆರೆಯ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದಾಗಲೂ ನಾನು ಮಕ್ಕಳಿಗೆ ಈ ಕಡೆಯಿಂದಲೇ ಶುರು ಮಾಡಿಸುತ್ತಿದ್ದೆ. ಹಾಗಾಗಿ ಈ ಸಲದ ಅಂಕಣವನ್ನು ಈ ಒಂದೇ ವಿಷಯಕ್ಕೆ ಬಿಟ್ಟಿದ್ದೇನೆ.

ನಾನು ಗಾರೆ ಕೆಲಸದವನು. ನಮ್ಮೂರ ಅರಳಿಮರಕ್ಕೆ ಎಂಟು ಮೂಲೆಯ ಕಟ್ಟೆ ಕಟ್ಟಬೇಕು. ಮೇಲ್ಭಾಗ 200 ಚದರ ಅಡಿ ಇರಲಿ ಅಂತ ಹಿರಿಯರು ಹೇಳಿದ್ದಾರೆ. 200ನ್ನು 8ರಿಂದ ಭಾಗಿಸಿದೆ, 25 ಬಂತು. 25ರ ವರ್ಗಮೂಲ 5. ಒಂದೊಂದು ಮಗ್ಗುಲು 5 ಅಡಿ ಇಟ್ಟರೆ ಸರಿಯಾ? ಇನ್ನೊಂದು, ಮರ ನಡುಮಧ್ಯದಲ್ಲೇ ಇದೆ. ದಾರ ಎಳೆಯೋದು ಹೇಗೆ?
— ಒಬ್ಬ ಮೇಸ್ತ್ರಿ, ಮಾಯಕೊಂಡದ ಕಡೆಯವರು

8ರಿಂದ ಭಾಗಿಸಿದ್ದು ಬಹಳ ಸರಿ. ಆ 25ರ ವರ್ಗಮೂಲ ತೆಗೆದಲ್ಲಿ ದಾರಿ ತಪ್ಪಿತು. ವರ್ಗಮೂಲ ತೆಗೆಯುವುದು ಚೌಕಕ್ಕೆ. ನಿಮ್ಮ 25 ಚದರ ಅಡಿ ಚೌಕವಲ್ಲ, ತ್ರಿಭುಜ. ಕಟ್ಟೆಯ ನಡುವಿನಿಂದ ಎಂಟೂ ಮೂಲೆಗೆ ಗೆರೆ ಎಳೆದಿದ್ದೀರಿ ಅಂದುಕೊಳ್ಳಿ, ಎಂಟು ತ್ರಿಭುಜ ಆಗುತ್ತವೆ. ಒಂದೊಂದೂ 25 ಚದರ ಅಡಿ. ಆ ತ್ರಿಭುಜದ ಬುಡ ನಿಮ್ಮ ಮಗ್ಗುಲು, ಎತ್ತರ ಅಂದರೆ ನಡುವಿನಿಂದ ಮಗ್ಗುಲಿಗೆ ನೇರ ದೂರ. ಬುಡವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿದರೆ 25 ಬರಬೇಕು.

5 ಅಡಿ ಇಟ್ಟು ಕಟ್ಟಿದರೆ ಕಟ್ಟೆ ಸುಮಾರು 121 ಚದರ ಅಡಿ ಮಾತ್ರ ಆಗುತ್ತದೆ. ಹಿರಿಯರು ಕೇಳಿದ್ದರಲ್ಲಿ ಐದರಲ್ಲಿ ಮೂರು ಪಾಲು. ಕಟ್ಟಿದ ಮೇಲೆ ಗೊತ್ತಾದರೆ ಕಷ್ಟ. ಕಟ್ಟುವ ಮೊದಲೇ ಬರೆದು ಕೇಳಿದಿರಲ್ಲ, ಒಳ್ಳೆಯದಾಯಿತು.

ಎಂಟು ಮೂಲೆಗೆ ಲೆಕ್ಕ ಹೀಗೆ: ವಿಸ್ತೀರ್ಣದ ವರ್ಗಮೂಲ ತೆಗೆದು 0.4551ರಿಂದ ಗುಣಿಸಿ. 200ರ ವರ್ಗಮೂಲ 14.142. ಗುಣಿಸಿದರೆ 6.436 ಅಡಿ. ಟೇಪಿನಲ್ಲಿ 6 ಅಡಿ 5¼ ಇಂಚು. ಈ 0.4551 ಎಲ್ಲಿಂದ ಬಂತು ಎಂಬುದನ್ನು ಕೊನೆಯ ಪತ್ರದ ಉತ್ತರದಲ್ಲಿ ಹೇಳಿದ್ದೇನೆ, ಬಿಡುವಾದಾಗ ಓದಿ. ಈಗ ದಾರ ಹಿಡಿಯೋಣ.

ಮರ ನಡುವೆ ಇರುವುದರಿಂದ ನಡುವಿನಲ್ಲಿ ಗೂಟ ಹೊಡೆದು ವೃತ್ತ ಸುತ್ತುವ ಹಾಗಿಲ್ಲ. ಮೂಲೆಯಿಂದ ಮೂಲೆಗೆ ಅಡ್ಡ ದಾರ ಎಳೆಯುವ ಹಾಗೂ ಇಲ್ಲ, ಬೊಡ್ಡೆ ಅಡ್ಡ ಬರುತ್ತದೆ. ಅದಕ್ಕೇ ಹೊರಗಿನಿಂದ ಒಳಗೆ ಬನ್ನಿ. ಮೊದಲು ಮರವನ್ನು ನಡುವೆ ಬಿಟ್ಟು ಒಂದು ದೊಡ್ಡ ಚೌಕ ಹಾಕಿ. ಅದರ ಮಗ್ಗುಲು 6.436ರ 2.4142 ಪಟ್ಟು, ಅಂದರೆ 15.54 ಅಡಿ, ಟೇಪಿನಲ್ಲಿ 15 ಅಡಿ 6½ ಇಂಚು. ನಾಲ್ಕೂ ಮೂಲೆಗೆ ನಿಮ್ಮ 6, 8, 10 ಅಡಿಯ ಮೂಲೆಮಟ್ಟವನ್ನೇ ಹಿಡಿಯಿರಿ. ಕರ್ಣ ಅಳೆದು ನೋಡುವ ಅವಕಾಶ ಇಲ್ಲಿಲ್ಲ, ಹಾಗಾಗಿ ಈ ಮೂಲೆಮಟ್ಟ ಬಿಗಿಯಾಗಿರಬೇಕು.

ಎಂಟು ಮೂಲೆ ಹಾಕುವವರು ಸಾಮಾನ್ಯವಾಗಿ ಚೌಕದ ಅರ್ಧ ಕರ್ಣವನ್ನು ದಾರದಲ್ಲಿ ಹಿಡಿದು, ಚೌಕದ ಮೂಲೆಯಲ್ಲಿಟ್ಟು, ಎರಡೂ ಮಗ್ಗುಲ ಮೇಲೆ ಗುರುತು ಮಾಡುತ್ತಾರೆ. ನಾಲ್ಕು ಮೂಲೆಯಿಂದ ಹೀಗೆ ಮಾಡಿದರೆ ಎಂಟು ಗುರುತು ಬೀಳುತ್ತವೆ. ಅವೇ ಎಂಟು ಮೂಲೆ. ಇದು ಅಂದಾಜಿನ ಉಪಾಯ ಅಲ್ಲ, ನೂರಕ್ಕೆ ನೂರು ಸರಿ. ತೊಂದರೆ ಏನೆಂದರೆ ಅರ್ಧ ಕರ್ಣ ಹಿಡಿಯಬೇಕಾದರೆ ದಾರದ ತುದಿ ಮರದ ಹೊಟ್ಟೆಯೊಳಗೆ ಹೋಗಬೇಕು. ಅದಕ್ಕೆ ದಾರಿ ಇದೆ. ಚೌಕದ ಒಂದು ಮಗ್ಗುಲಿನ ನಟ್ಟನಡುವೆ ಒಂದು ಮೊಳೆ, ಪಕ್ಕದ ಮಗ್ಗುಲಿನ ನಟ್ಟನಡುವೆ ಇನ್ನೊಂದು ಮೊಳೆ. ಈ ಎರಡು ಮೊಳೆಗಳ ನಡುವಿನ ದೂರ ಅರ್ಧ ಕರ್ಣಕ್ಕೆ ಸರಿಸಮ. ದಾರ ಮರದ ನಡುವಿನಿಂದ ಐದೂವರೆ ಅಡಿ ಆಚೆಯೇ ಹಾದುಹೋಗುತ್ತದೆ, ಬೊಡ್ಡೆಗೆ ಮುಟ್ಟುವುದಿಲ್ಲ. ಬೇರು ಉಬ್ಬಿದ್ದರೆ ದಾರವನ್ನು ಸ್ವಲ್ಪ ಎತ್ತರದಲ್ಲಿ ಕಟ್ಟಿ. ನಿಮ್ಮ ಚೌಕಕ್ಕೆ ಈ ಅರ್ಧ ಕರ್ಣ 10.987 ಅಡಿ ಬರುತ್ತದೆ, ಹನ್ನೊಂದು ಅಡಿಗೆ ಒಂದು ನೂಲಿನಷ್ಟು ಕಡಿಮೆ.

ಗುರುತು ಹಾಕಿದ ಮೇಲೆ ಸುಣ್ಣ ಹೊಡೆಯುವ ಮೊದಲು ಎರಡು ಕಡೆ ಟೇಪು ಇಟ್ಟು ನೋಡಿ. ಚೌಕದ ಮೂಲೆಯಿಂದ ಹತ್ತಿರದ ಗುರುತಿಗೆ 4 ಅಡಿ 6½ ಇಂಚಿನ ಆಸುಪಾಸು ಇರಬೇಕು. ಎಂಟೂ ಮಗ್ಗುಲು 6 ಅಡಿ 5¼ ಇಂಚಿಗೆ ಕೂರಬೇಕು. ಲೆಕ್ಕವೂ ತಾಳೆಯಾಗುತ್ತದೆ: ದೊಡ್ಡ ಚೌಕ ಸುಮಾರು 241.4 ಚದರ ಅಡಿ, ಕತ್ತರಿಸಿದ ನಾಲ್ಕು ಮೂಲೆ ಸೇರಿ 41.4, ಉಳಿದದ್ದು 200.

ಹಿರಿಯರನ್ನು ಎರಡು ಮಾತು ಕೇಳಿಕೊಳ್ಳಿ. ಬೊಡ್ಡೆಯ ಸುತ್ತ ಮಣ್ಣಿಗೆ ಬಿಡುವ ಜಾಗ 200ರೊಳಗೆ ಸೇರಿದೆಯೋ, ಹೊರಗೋ? ಕೂರುವ ಜಾಗವೇ 200 ಬೇಕು ಎಂದರೆ, ಮತ್ತು ನಡುವೆ 4 ಅಡಿ ಚೌಕ ಮಣ್ಣಿಗೆ ಬಿಡುವುದಾದರೆ, 216ಕ್ಕೆ ಲೆಕ್ಕ ಹಾಕಬೇಕು. ಆಗ ಮಗ್ಗುಲು 6.69 ಅಡಿ. ಎರಡನೆಯದು, ಮೇಲಿನ ಚಪ್ಪಡಿ ಗೋಡೆಯಿಂದ ಹೊರಗೆ ಚಾಚುತ್ತದೆಯೇ? 2 ಇಂಚು ಚಾಚಿದರೆ ಚಪ್ಪಡಿಯ ಮಗ್ಗುಲು ಗೋಡೆಯ ಮಗ್ಗುಲಿಗಿಂತ ಸುಮಾರು 1⅔ ಇಂಚು ಹೆಚ್ಚು ಬರುತ್ತದೆ. 200 ಚದರ ಅಡಿ ಚಪ್ಪಡಿಯ ಅಂಚಿನಿಂದ ಅಂಚಿಗೆ ಎಂದಾದರೆ ಗೋಡೆಯನ್ನು 6 ಅಡಿ 3½ ಇಂಚಿಗೆ ಎಬ್ಬಿಸಿ. ಎಷ್ಟೋ ಕಡೆ ಗೋಡೆ ಅಳತೆಗೆ ಸರಿಯಾಗಿದ್ದು, ಚಪ್ಪಡಿ ಮೂಲೆಯಲ್ಲಿ ಕೂಡದೆ ಸಿಮೆಂಟು ತುಂಬಿಸಿರುವುದನ್ನು ನೋಡಿದ್ದೇನೆ. ಕಾರಣ ಈ 1⅔ ಇಂಚೇ.

ತ್ರಿಭುಜಕ್ಕೆ ಒಂದು ಸೂತ್ರ, ಪಂಚಭುಜಕ್ಕೆ ಇನ್ನೊಂದು, ಷಡ್ಭುಜಕ್ಕೆ ಮತ್ತೊಂದು. ಎಲ್ಲವನ್ನೂ ಬಾಯಿಪಾಠ ಮಾಡಬೇಕಾ ಟೀಚರ್? ವಿಸ್ತೀರ್ಣದಿಂದ ಬಾಹು ತೆಗೆಯಲು ಒಂದೇ ಸೂತ್ರ ಇಲ್ವಾ?
— ಹತ್ತನೇ ತರಗತಿ, ವಿದ್ಯಾನಗರ, ದಾವಣಗೆರೆ

ಇದೆ. ಅದನ್ನೂ ಬಾಯಿಪಾಠ ಮಾಡಬೇಡ, ಕಟ್ಟಿಕೋ.

ಮೇಸ್ತ್ರಿಯವರಿಗೆ ಹೇಳಿದಂತೆ ನಡುಬಿಂದುವಿನಿಂದ ಎಲ್ಲ ಶೃಂಗಗಳಿಗೆ ಗೆರೆ ಎಳೆ. ಎಷ್ಟು ಬಾಹುವೋ ಅಷ್ಟು ಸಮದ್ವಿಬಾಹು ತ್ರಿಭುಜ. ಒಂದನ್ನು ತೆಗೆದುಕೊಂಡು ಅದರ ಎತ್ತರದ ಗೆರೆಯಿಂದ ಎರಡು ಹೋಳು ಮಾಡು. ಈಗ ಕೈಯಲ್ಲಿರುವುದು ಲಂಬಕೋನ ತ್ರಿಭುಜ. ನಡುಬಿಂದುವಿನ ಸುತ್ತ ಒಟ್ಟು 360 ಡಿಗ್ರಿ, ಹೋಳುಗಳು ಬಾಹುಗಳ ಎರಡರಷ್ಟು, ಆದ್ದರಿಂದ ಪ್ರತಿ ಹೋಳಿನ ಕೋನ 180°ಯನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದಷ್ಟು. ಆ ಕೋನದ ಎದುರಿಗೆ ಅರ್ಧ ಬಾಹು, ಪಕ್ಕದಲ್ಲಿ ಎತ್ತರ. ಎದುರಿನದನ್ನು ಪಕ್ಕದ್ದರಿಂದ ಭಾಗಿಸಿದರೆ ಟ್ಯಾನ್. ಅಂದರೆ ಎತ್ತರ = ಅರ್ಧ ಬಾಹು ÷ ಟ್ಯಾನ್. ಇಷ್ಟು ಬರೆದ ಮೇಲೆ ಉಳಿದದ್ದು ಬೀಜಗಣಿತ. ಎಲ್ಲ ತ್ರಿಭುಜಗಳನ್ನು ಕೂಡಿಸಿ ವಿಸ್ತೀರ್ಣಕ್ಕೆ ಸಮ ಮಾಡಿ, ಬಾಹುವನ್ನು ಒಂದು ಕಡೆ ಉಳಿಸಿಕೊಂಡರೆ:

ಬಾಹುವಿನ ವರ್ಗ = 4 × ವಿಸ್ತೀರ್ಣ × ಟ್ಯಾನ್(180° ÷ ಬಾಹುಗಳ ಸಂಖ್ಯೆ) ÷ ಬಾಹುಗಳ ಸಂಖ್ಯೆ

ಕಟ್ಟಿದ ಸೂತ್ರ ಸರಿಯೋ ಎಂದು ಯಾರನ್ನೂ ಕೇಳಬೇಕಿಲ್ಲ, ಚೌಕವನ್ನು ಕೇಳು. ಬಾಹುಗಳ ಸಂಖ್ಯೆ 4. 180ನ್ನು 4ರಿಂದ ಭಾಗಿಸಿದರೆ 45°, ಅದರ ಟ್ಯಾನ್ 1. ಮೇಲೆ 4, ಕೆಳಗೆ 4, ಹೊಡೆದುಹೋಗುತ್ತವೆ. ಬಾಹುವಿನ ವರ್ಗ = ವಿಸ್ತೀರ್ಣ. ಸರಿ ತಾನೆ? ಪರೀಕ್ಷೆಯ ಗಾಬರಿಯಲ್ಲಿ ಟ್ಯಾನ್ ಮೇಲೆ ಬರುತ್ತದೋ ಕೆಳಗೋ ಎಂದು ಅನುಮಾನ ಬಂದರೆ ಚೌಕ ನೆರವಿಗೆ ಬರದು, ಏಕೆಂದರೆ 1 ಎಲ್ಲಿದ್ದರೂ 1. ಆಗ ತ್ರಿಭುಜವನ್ನು ಕೇಳು. ಒಂದೇ ವಿಸ್ತೀರ್ಣದ ಚೌಕ ಮತ್ತು ಸಮಬಾಹು ತ್ರಿಭುಜದಲ್ಲಿ ತ್ರಿಭುಜದ ಬಾಹುವೇ ಉದ್ದ ಇರಬೇಕು. 60°ಯ ಟ್ಯಾನ್ 1.732, ಅದು ಮೇಲಿದ್ದರಷ್ಟೇ ಹಾಗಾಗುತ್ತದೆ.

ಆಗಾಗ ಬೇಕಾಗುವವರಿಗೆ ಅಂಕಿಗಳನ್ನು ಇಲ್ಲೇ ಕೊಡುತ್ತೇನೆ. ವಿಸ್ತೀರ್ಣದ ವರ್ಗಮೂಲವನ್ನು ಇವುಗಳಿಂದ ಗುಣಿಸಿದರೆ ಬಾಹು ಸಿಗುತ್ತದೆ: ಮೂರು ಮೂಲೆಗೆ 1.5197, ಐದಕ್ಕೆ 0.7624, ಆರಕ್ಕೆ 0.6204, ಏಳಕ್ಕೆ 0.5246, ಎಂಟಕ್ಕೆ 0.4551, ಹತ್ತಕ್ಕೆ 0.3605, ಹನ್ನೆರಡಕ್ಕೆ 0.2989. ಪುಸ್ತಕ ಕೈಲಿಲ್ಲದಾಗ ವೃತ್ತವನ್ನು ನೆನೆ. ವೃತ್ತದ ಸುತ್ತಳತೆ ಅದರ ವಿಸ್ತೀರ್ಣದ ವರ್ಗಮೂಲದ 3.545ರಷ್ಟು. ಅದನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸು, ನಿಜವಾದ ಬಾಹು ಅದಕ್ಕಿಂತ ಸ್ವಲ್ಪ ಹೆಚ್ಚು. ಎಂಟಕ್ಕೆ 0.443 ಬರುತ್ತದೆ, ನಿಜ 0.455. ಲೆಕ್ಕ ಮುಗಿದ ಮೇಲೆ ಉತ್ತರ ಇದಕ್ಕಿಂತ ಕಡಿಮೆ ಬಂದಿದ್ದರೆ ಎಲ್ಲೋ ಕೈ ಜಾರಿದೆ ಎಂದೇ ಅರ್ಥ.

ಪಂಪ್‌ಸೆಟ್ ಮನೆ ಪಕ್ಕ ಒಂದು ಗುಂಟೆ ತರಕಾರಿಗೆ ಬಿಟ್ಟಿದ್ದೇನೆ. ಹಂದಿ ಕಾಟ, ಸುತ್ತ ಜಾಲರಿ ಹಾಕಬೇಕು. ಚೌಕಕ್ಕಿಂತ ಆರು ಮೂಲೆ ಮಾಡಿದರೆ ಜಾಲರಿ ಉಳಿಯುತ್ತದೆ ಎಂದು ಪರಿಚಯದವರು ಹೇಳಿದರು. ಒಂದು ಗುಂಟೆಗೆ ಬಾಹು ಎಷ್ಟು? ಮುಂದಿನ ವರ್ಷ ಎರಡು ಗುಂಟೆ ಮಾಡಿದರೆ ಬಾಹು ಎರಡರಷ್ಟು ಮಾಡಿದರೆ ಆಯ್ತಲ್ಲ?
— ಒಬ್ಬ ರೈತರು, ಜಗಳೂರು ತಾಲ್ಲೂಕು

ನಮ್ಮ ಗುಂಟೆ ಈ ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಒಂದು ಗುಂಟೆ 1089 ಚದರ ಅಡಿ, ಅದರ ವರ್ಗಮೂಲ ಕೂದಲೆಳೆಯೂ ಆಚೀಚೆ ಇಲ್ಲದಂತೆ 33. ಆರು ಮೂಲೆಗೆ 33ನ್ನು 0.6204ರಿಂದ ಗುಣಿಸಿ: 20.47 ಅಡಿ, ಅಂದರೆ 20 ಅಡಿ 5½ ಇಂಚು ಚಿಲ್ಲರೆ. ಸುತ್ತಳತೆ ಸುಮಾರು 123 ಅಡಿ. ಚೌಕಕ್ಕೆ 132. ನಿಮ್ಮ ಪರಿಚಯದವರು ಹೇಳಿದ್ದು ನಿಜ, 9 ಅಡಿ ಜಾಲರಿ ಉಳಿಯುತ್ತದೆ. ಎಂಟು ಮೂಲೆ ಮಾಡಿದರೆ 120ಕ್ಕೆ ಇಳಿಯುತ್ತದೆ, ಪೂರ್ತಿ ದುಂಡಗೆ ಮಾಡಿದರೆ 117. ಅದಕ್ಕಿಂತ ಕೆಳಗೆ ಯಾವ ಆಕಾರವೂ ಹೋಗದು.

ಆದರೂ ನಾನು ನಿಮಗೆ ಚೌಕವನ್ನೇ ಹೇಳುತ್ತೇನೆ. ಆರು ಮೂಲೆಯ ಸುತ್ತ ಅದನ್ನು ಹಿಡಿಸುವ ಆಯತ ಹಾಕಿ ನೋಡಿ. ಉದ್ದ 41 ಅಡಿ, ಅಗಲ 35½ ಅಡಿಯ ಹತ್ತಿರ, ಒಟ್ಟು 1452 ಚದರ ಅಡಿ. ಆರು ಮೂಲೆಯ ಆಕೃತಿ ಅದರಲ್ಲಿ ಮುಕ್ಕಾಲು ಪಾಲು ಮಾತ್ರ ತುಂಬುತ್ತದೆ. ಉಳಿದ 363 ಚದರ ಅಡಿ, ಗುಂಟೆಯ ಮೂರನೇ ಒಂದು ಪಾಲು, ನಾಲ್ಕು ಚೂಪು ತ್ರಿಭುಜಗಳಾಗಿ ಬೇಲಿಯ ಹೊರಗೆ ಉಳಿಯುತ್ತದೆ. ಆ ಚೂಪಿನೊಳಗೆ ಎತ್ತೂ ತಿರುಗದು, ಟ್ರ್ಯಾಕ್ಟರೂ ತಿರುಗದು. ಮೆಕ್ಕೆಜೋಳದ ಸಾಲು ಅಲ್ಲಿಗೆ ಬಂದು ನಿಲ್ಲುತ್ತದೆ. ಜೊತೆಗೆ ಮೂಲೆಗಂಬ ನಾಲ್ಕಿದ್ದದ್ದು ಆರಾಗುತ್ತದೆ, ಪ್ರತಿ ಮೂಲೆಗಂಬಕ್ಕೂ ಆನಿಕೆ ಬೇಕು. 9 ಅಡಿ ಜಾಲರಿಗೆ ಇಷ್ಟು ತೆರುವುದು ನನಗೆ ಸರಿಕಾಣದು. ಸುತ್ತ ಬಂಡೆಯೋ ಪಾಳು ನೆಲವೋ ಆಗಿದ್ದು ಹೊರಗಿನ ಜಾಗ ಹೇಗೂ ಉಳುವುದಿಲ್ಲ ಎಂದಾದರೆ ಆರು ಮೂಲೆ ಧಾರಾಳವಾಗಿ ಮಾಡಿ.

ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ. ಬಾಹು ಎರಡರಷ್ಟಾದರೆ ಜಾಗ ನಾಲ್ಕರಷ್ಟಾಗುತ್ತದೆ. ಎರಡು ಗುಂಟೆಗೆ ಬಾಹು 1.414 ಪಟ್ಟು ಸಾಕು, 28.95 ಅಡಿ. ಎರಡು ಗುಂಟೆಗೆಂದು 41 ಅಡಿಯ ಬಾಹು ಹಾಕಿದರೆ ನಾಲ್ಕು ಗುಂಟೆ ಒಳಗೆ ಹೋಗುತ್ತದೆ, ಅಷ್ಟುದ್ದ ಜಾಲರಿಗೂ ದುಡ್ಡು ಹೋಗುತ್ತದೆ. ಚೌಕಕ್ಕೂ ಇದೇ ನಿಯಮ: ಎರಡು ಗುಂಟೆ ಚೌಕದ ಬಾಹು 66 ಅಲ್ಲ, 46 ಅಡಿ 8 ಇಂಚು.

ಹಳೆ ಸೀರೆ, ಪಂಚೆಗಳಿಂದ ಕೌದಿ ಹೊಲಿಯುತ್ತೇನೆ. ಈ ಸಲ ಆರು ಮೂಲೆಯ ತುಂಡು ಕೂಡಿಸಬೇಕೆಂಬ ಆಸೆ. ಹೊಲಿದ ಮೇಲೆ ಒಂದೊಂದು ತುಂಡು 36 ಚದರ ಇಂಚು ಕಾಣಬೇಕು, ಕೌದಿ 6 ಅಡಿಗೆ 5 ಅಡಿ. ಎಷ್ಟು ಅಳತೆಗೆ ಕತ್ತರಿಸಲಿ?
— ನಿಟ್ಟುವಳ್ಳಿ, ದಾವಣಗೆರೆ

ಎಷ್ಟು ಅಚ್ಚುಕಟ್ಟಾದ ಪ್ರಶ್ನೆ! "ಹೊಲಿದ ಮೇಲೆ ಕಾಣಬೇಕು" ಎಂದು ಬರೆದಿದ್ದೀರಲ್ಲ, ಉತ್ತರವೆಲ್ಲ ಆ ಮಾತಿನಲ್ಲಿದೆ.

36ರ ವರ್ಗಮೂಲ 6. ಅದನ್ನು 0.6204ರಿಂದ ಗುಣಿಸಿದರೆ 3.72 ಇಂಚು. ಇದು ಕಾಣುವ ಬಾಹು. ಇನ್ನು ಹೊಲಿಗೆಗೆ ಒಳಗೆ ಹೋಗುವ ಅಂಚು. ಸುತ್ತಲೂ ಕಾಲು ಇಂಚು ಬಿಡುತ್ತೀರಿ ಎಂದುಕೊಳ್ಳೋಣ. ಆಗ ಬಾಹುವಿಗೆ ಕಾಲು ಕಾಲು ಸೇರಿಸಿ ಅರ್ಧ ಇಂಚು ಹೆಚ್ಚಿಸುವ ಅಭ್ಯಾಸ ಇದೆ. ಚೌಕದ ತುಂಡಿಗೆ ಅದು ಸರಿ. ಆರು ಮೂಲೆಯಲ್ಲಿ ಮೂಲೆ ಅಗಲವಾಗಿ ತೆರೆದಿರುತ್ತದೆ, ಬಾಹು ಅಷ್ಟು ಬೆಳೆಯುವುದಿಲ್ಲ. ಸುತ್ತ ಕಾಲು ಇಂಚಿಗೆ ಬಾಹು 0.29 ಇಂಚು ಮಾತ್ರ ಬೆಳೆಯುತ್ತದೆ. 3.72ಕ್ಕೆ 0.29 ಕೂಡಿಸಿದರೆ 4.01. ಅಂದರೆ ನಾಲ್ಕು ಇಂಚಿಗೆ ಕತ್ತರಿಸಿ, ಮುಗಿಯಿತು.

ಆರು ಮೂಲೆಗೆ ಇನ್ನೊಂದು ಅನುಕೂಲ ಇದೆ. ಅದರ ಬಾಹು ಮತ್ತು ಸುತ್ತಲಿನ ವೃತ್ತದ ತ್ರಿಜ್ಯ ಒಂದೇ. ದಪ್ಪ ರಟ್ಟಿನ ಮೇಲೆ 4 ಇಂಚು ತ್ರಿಜ್ಯದ ವೃತ್ತ ಎಳೆದು, ಕೈವಾರವನ್ನು ಹಿಗ್ಗಿಸದೆ ಕುಗ್ಗಿಸದೆ ಅದರ ಮೇಲೆಯೇ ಹೆಜ್ಜೆ ಹಾಕಿಸಿ. ಆರನೇ ಹೆಜ್ಜೆ ಹೊರಟ ಜಾಗಕ್ಕೇ ಬರುತ್ತದೆ. ಗುರುತು ಕೂಡಿಸಿ ರಟ್ಟು ಕತ್ತರಿಸಿದರೆ ಅಚ್ಚು ತಯಾರು. ಅದರೊಳಗೆ 3.72ರ ಇನ್ನೊಂದು ಅಚ್ಚನ್ನೂ ಮಾಡಿಕೊಂಡು, ಬಟ್ಟೆಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಹೊಲಿಗೆಯ ಗೆರೆ ಎಳೆದುಕೊಳ್ಳಿ. ಮೂರು ತುಂಡು ಕೂಡುವ ಕಡೆ ಸೂಜಿ ಅಂಚಿನ ತುದಿಯವರೆಗೆ ಹೋಗಬಾರದು, ಈ ಗೆರೆಯ ಮೂಲೆಯಲ್ಲೇ ನಿಲ್ಲಬೇಕು. ಇಲ್ಲವಾದರೆ ಅಲ್ಲಿ ನೆರಿಗೆ ಎದ್ದು ಕೌದಿ ಹಾಸಿದಾಗ ಉಬ್ಬುತ್ತದೆ.

6 ಅಡಿಗೆ 5 ಅಡಿ ಅಂದರೆ 4320 ಚದರ ಇಂಚು, ತುಂಡುಗಳು 120. ಅಂಚುಗಳಲ್ಲಿ ಅರ್ಧ ತುಂಡುಗಳು ಬೀಳುವುದರಿಂದ ಹತ್ತಿಪ್ಪತ್ತು ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಿ. ಕತ್ತರಿಸಿದ ಒಂದು ತುಂಡು 41½ ಚದರ ಇಂಚು, ಅಂದರೆ ಪ್ರತಿ ತುಂಡಿನಲ್ಲೂ ಸುಮಾರು 5½ ಚದರ ಇಂಚು ಬಟ್ಟೆ ಹೊಲಿಗೆಯೊಳಗೇ ಹೋಗುತ್ತದೆ. ಪಂಚೆ ಎಷ್ಟು ಬೇಕೆಂದು ಎಣಿಸುವಾಗ ಈ ದೊಡ್ಡ ಅಂಕಿಯನ್ನೇ ಹಿಡಿಯಿರಿ.

ಕಾರಂಜಿಗೆ ಆರು ಮಗ್ಗುಲ ತೊಟ್ಟಿ ಕಟ್ಟಿಸಿದೆವು. ಆರೂ ಮಗ್ಗುಲು ಸರಿಯಾಗಿ 4 ಅಡಿ. ನಿಮ್ಮ ಲೆಕ್ಕದಲ್ಲಿ 41½ ಚದರ ಅಡಿ ಬರಬೇಕು. ತಳಕ್ಕೆ ಹಾಸಿದ ಟೈಲ್ಸ್ 37 ಅಡಿಗೇ ಮುಗಿಯಿತು. ಮೂಲೆಯಿಂದ ಎದುರು ಮೂಲೆಗೆ ಒಂದು ಕಡೆ 10 ಅಡಿ, ಉಳಿದ ಎರಡು ಕಡೆ 6 ಅಡಿ 7½ ಇಂಚು ಇದೆ.
— ಹರಿಹರ

ಟೈಲ್ಸ್ ಲೆಕ್ಕ ಸರಿ, ತೊಟ್ಟಿ ಚಪ್ಪಟೆಯಾಗಿದೆ. ಬಾಹುಗಳೆಲ್ಲ ಸಮ ಇದ್ದರೆ ಸಾಲದು, ಕೋನಗಳೂ ಸಮ ಇದ್ದರಷ್ಟೇ ಆಕೃತಿ ನಿಯಮಿತ. ನಿಮ್ಮ ಅಳತೆಯಿಂದಲೇ ಹಾಕಿ ನೋಡಿದೆ: 10 ಅಡಿಯ ಗೆರೆ ತೊಟ್ಟಿಯನ್ನು ಎರಡು ತ್ರಾಪಿಜ್ಯ ಮಾಡುತ್ತದೆ, ಒಂದೊಂದರ ಸಮಾಂತರ ಬಾಹು 10 ಮತ್ತು 4, ಎತ್ತರ 7ರ ವರ್ಗಮೂಲ. ಒಟ್ಟು 37.04. ನಿಯಮಿತವಾಗಿದ್ದರೆ ಮೂರೂ ಕರ್ಣ 8 ಅಡಿ ಇರುತ್ತಿತ್ತು. ಮುಂದೆ ಕಟ್ಟಿಸುವವರು ಮೊದಲ ಸಾಲು ಇಟ್ಟ ದಿನವೇ ಈ ಮೂರು ಕರ್ಣ ಅಳೆಯಿರಿ.

ಹಬ್ಬಕ್ಕೆ ಏಳು ಮೂಲೆಯ ಹೂವಿನ ರಂಗೋಲಿ ಹಾಕಬೇಕು. ಇರುವ ಸೇವಂತಿಗೆ 4 ಚದರ ಅಡಿಗೆ ಸಾಕಾಗುತ್ತದೆ. ಏಳು ಮೂಲೆಯನ್ನು ಕೈವಾರದಲ್ಲಿ ಹಾಕಲು ಬರುವುದಿಲ್ಲ ಎಂದು ಮಗಳು ಹೇಳುತ್ತಾಳೆ. ಭಾಸ್ಕರಾಚಾರ್ಯರು ಲೆಕ್ಕ ಕೊಟ್ಟಿದ್ದಾರೆ ಎಂದು ಯಜಮಾನರು ಹೇಳುತ್ತಾರೆ. ಯಾರ ಮಾತು ಸರಿ?
— ಚಿತ್ರದುರ್ಗ

ಇಬ್ಬರದೂ ಸರಿ. ಅಳತೆಪಟ್ಟಿಯ ಅಂಕಿ ನೋಡದೆ ಬರೀ ಕೈವಾರ, ನೇರ ಪಟ್ಟಿಯಿಂದ ನಿಖರವಾದ ಸಪ್ತಭುಜ ರಚಿಸಲು ಆಗುವುದಿಲ್ಲ. ಜರ್ಮನಿಯ ಗಣಿತಜ್ಞ ಗೌಸ್ 1796ರಲ್ಲಿ, ಇನ್ನೂ 19 ತುಂಬುವ ಮೊದಲೇ, ಹದಿನೇಳು ಬಾಹುಗಳದ್ದನ್ನು ರಚಿಸಬಹುದೆಂದು ತೋರಿಸಿದರು. ಏಳರಂಥವು ಸಾಧ್ಯವೇ ಇಲ್ಲ ಎಂಬುದನ್ನು 1837ರಲ್ಲಿ ಫ್ರಾನ್ಸಿನ ಗಣಿತಜ್ಞ ವಾಂಟ್ಜೆಲ್ ಸಾಧಿಸಿದರು. ಮಗಳಿಗೆ ಈ ಮಾತು ಹೇಳಿ, ಸಂತೋಷಪಡುತ್ತಾಳೆ.

ಆದರೆ ಬಾಹುವಿನ ಉದ್ದವನ್ನು ಬೇಕಾದಷ್ಟು ಹತ್ತಿರಕ್ಕೆ ಲೆಕ್ಕ ಹಾಕಬಹುದು. 1150ರ ಲೀಲಾವತಿ ಎಂಬ ಗಣಿತ ಗ್ರಂಥದಲ್ಲಿ ಭಾಸ್ಕರಾಚಾರ್ಯರು ಮಾಡಿದ್ದು ಅದನ್ನೇ. ವೃತ್ತದ ವ್ಯಾಸ 1,20,000 ಎಂದು ಹಿಡಿದರೆ ಒಳಗೆ ಕೂರುವ ಬಹುಭುಜದ ಬಾಹು ಎಷ್ಟು ಎಂದು ಮೂರರಿಂದ ಒಂಬತ್ತರವರೆಗೆ ಅಂಕಿ ಕೊಟ್ಟಿದ್ದಾರೆ. ಆರಕ್ಕೆ 60,000, ಎಂಟಕ್ಕೆ 45,922, ಏಳಕ್ಕೆ 52,055. ಎಂಟರ ಅಂಕಿಯಲ್ಲಿ ಇಂದಿನ ಕ್ಯಾಲ್ಕುಲೇಟರೂ ಏನನ್ನೂ ತಿದ್ದಲಾರದು. ಏಳರದ್ದು 52,066 ಆಗಬೇಕಿತ್ತು, 11 ಕಡಿಮೆ. ಹತ್ತು ಅಡಿ ವ್ಯಾಸದ ವೃತ್ತದಲ್ಲಿ ಈ ವ್ಯತ್ಯಾಸ ಒಂದು ಇಂಚಿನ ನೂರನೇ ಒಂದು ಪಾಲು. ಕ್ಯಾಲ್ಕುಲೇಟರ್ ಇಲ್ಲದ ಕಾಲದ ಈ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಕೈಮುಗಿಯಬೇಕೆನ್ನಿಸುತ್ತದೆ.

ಅವರದ್ದು ವ್ಯಾಸದಿಂದ ಬಾಹು. ನಿಮಗೆ ಬೇಕಿರುವುದು ವಿಸ್ತೀರ್ಣದಿಂದ. ಒಂದು ಹೆಜ್ಜೆ ಹೆಚ್ಚು ಅಷ್ಟೇ. ಮೊದಲು 12 ಇಂಚು ವ್ಯಾಸದ ರಂಗೋಲಿ ಹಾಕಿದೆವು ಎನ್ನಿ. ಅವರ ಲೆಕ್ಕದಂತೆ ಬಾಹು 5.2055 ಇಂಚು. ಪೈಥಾಗೊರಸ್ ಹಿಡಿದು ಎತ್ತರ ತೆಗೆದರೆ 5.406, ಏಳು ತ್ರಿಭುಜ ಸೇರಿ 98.5 ಚದರ ಇಂಚು. ನಿಮಗೆ ಬೇಕಾದದ್ದು 4 ಚದರ ಅಡಿ, ಅಂದರೆ 576 ಚದರ ಇಂಚು. 576ನ್ನು 98.5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.418. ತ್ರಿಜ್ಯ, ಬಾಹು ಎರಡನ್ನೂ ಅಷ್ಟು ಪಟ್ಟು ಹಿಗ್ಗಿಸಿ. 14½ ಇಂಚು ತ್ರಿಜ್ಯದ ವೃತ್ತ ಎಳೆದು, ದಾರದಲ್ಲಿ 12.6 ಇಂಚು ಹಿಡಿದು ಏಳು ಹೆಜ್ಜೆ ಹಾಕಿ. ಕೊನೆಯ ಹೆಜ್ಜೆಯಲ್ಲಿ ಉಳಿಯುವ ಬಿರುಕನ್ನು ಒಂದು ಹೂವಿನ ಎಸಳು ಮುಚ್ಚುತ್ತದೆ.

ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಿಡೋದಿಲ್ಲ. ಅಷ್ಟಭುಜಕ್ಕೆ ಟ್ಯಾನ್ 22½° ಬೇಕು. ನಮ್ಮ ಕೋಷ್ಟಕದಲ್ಲಿ 30, 45, 60 ಮಾತ್ರ ಇದೆ.
— ಪಿ.ಜೆ. ಬಡಾವಣೆ, ದಾವಣಗೆರೆ

ಕೋಷ್ಟಕದ ಆ ಮೂರು ಕೋನಗಳಿಂದ ಆರು, ನಾಲ್ಕು, ಮೂರು ಬಾಹುಗಳ ಆಕೃತಿಗಳು ಸಿಗುತ್ತವೆ. ಒಂದೇ ಬಗೆಯ ನಿಯಮಿತ ಬಿಲ್ಲೆಯಿಂದ ಸಂದಿಲ್ಲದೆ ನೆಲ ಮುಚ್ಚಲು ಬರುವುದೂ ಈ ಮೂರರಿಂದಲೇ. ಎಂಟಕ್ಕೆ ಮೇಸ್ತ್ರಿಯವರ ಕಟ್ಟೆಗೆ ಹೋಗು.

ಅಲ್ಲಿ ದೊಡ್ಡ ಚೌಕದ ನಾಲ್ಕು ಮೂಲೆ ಕತ್ತರಿಸಿದೆವು. ಕತ್ತರಿಸಿದ ಪ್ರತಿ ಮೂಲೆಯೂ 45°ಯ ಲಂಬಕೋನ ತ್ರಿಭುಜ, ಅದರ ವಿಕರ್ಣವೇ ಅಷ್ಟಭುಜದ ಬಾಹು. ಬಾಹು 1 ಎಂದಿಟ್ಟುಕೋ. ಕತ್ತರಿಸಿದ ಮೂಲೆಯ ಸಣ್ಣ ಬಾಹು 1/√2. ಚೌಕದ ಒಂದು ಮಗ್ಗುಲಲ್ಲಿ ಸಣ್ಣದು, ಅಷ್ಟಭುಜದ ಬಾಹು, ಮತ್ತೆ ಸಣ್ಣದು: ಒಟ್ಟು 1 + √2. ಮೇಸ್ತ್ರಿಯವರಿಗೆ ಕೊಟ್ಟ 2.4142 ಇದೇ. ನಡುವಿನಿಂದ ಮಗ್ಗುಲಿಗೆ ಎತ್ತರ ಅದರ ಅರ್ಧ, ಅರ್ಧ ಬಾಹು 1/2. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಟ್ಯಾನ್ 22½° = 1/(1 + √2). ಛೇದವನ್ನು ಅಕರಣೀಕರಿಸು, √2 − 1 ಬರುತ್ತದೆ. ಸೂತ್ರದಲ್ಲಿ ಹಾಕಿದರೆ ಬಾಹುವಿನ ವರ್ಗ = ವಿಸ್ತೀರ್ಣ × (√2 − 1) ÷ 2. √2ಕ್ಕೆ 1.4142 ಹಾಕಿ ವರ್ಗಮೂಲ ತೆಗೆದರೆ 0.4551 ಕಾಣಿಸಿಕೊಳ್ಳುತ್ತದೆ.

ಹನ್ನೆರಡು ಬಾಹುಗಳಿಗೆ ಬೇಕಾಗುವ ಟ್ಯಾನ್ 15° ಇದೇ ಬಗೆಯಲ್ಲಿ 2 − √3 ಆಗುತ್ತದೆ. 30°ಯ ಕೋನವನ್ನು ಅರ್ಧಿಸಿ ನೀನೇ ಸಾಧಿಸು, ಮುಂದಿನ ಪತ್ರದಲ್ಲಿ ಹಂತಗಳನ್ನು ಬರೆದು ಕಳಿಸು. ಪರೀಕ್ಷೆಯಲ್ಲಿ ಮಾತ್ರ ದಶಮಾಂಶ ಕೇಳದಿದ್ದರೆ ಉತ್ತರವನ್ನು √ ಚಿಹ್ನೆಯಲ್ಲೇ ಬಿಡು, ಅದೇ ನಿಖರ.